ಗೆರೆ ಯಾರದು, ಉಡುಪು ಯಾರದು?

ಸೀಸದ ಕಡ್ಡಿಯ ಹತ್ತು ಹದಿನೈದು ಗೆರೆಗಳು. ಇಳಿಜಾರಾದ ಹೆಗಲು, ಹಿಡಿಯೊಳಗೆ ಹಿಡಿಸುವಂಥ ನಡು, ನಡುವಿನಿಂದ ಕೆಳಕ್ಕೆ ಗಂಟೆಯಂತೆ ಅರಳಿದ ಲಂಗ. ಮುಖವಿರಬೇಕಾದಲ್ಲಿ ಬರಿಯ ಒಂದು ಅಂಡಾಕೃತಿ, ಪಾದವಿರಬೇಕಾದಲ್ಲಿ ಒಂದು ಚೂಪು ಗೆರೆ. ಫ್ರಾನ್ಸಿನ ಪ್ರಸಿದ್ಧ ಉಡುಪುಗಾರ ಕ್ರಿಶ್ಚಿಯನ್ ಡಿಯೋರನ ರೇಖಾಚಿತ್ರಗಳಲ್ಲಿ ಅನೇಕವು ಇಷ್ಟೇ. ಬಣ್ಣವಿಲ್ಲ, ಹಿನ್ನೆಲೆಯಿಲ್ಲ. ಆದರೂ ನೋಡಿದವನಿಗೆ ಬಟ್ಟೆಯ ಭಾರವೂ ಅದು ನಡೆಯುವಾಗ ತೂಗುವ ಬಗೆಯೂ ಕಂಡಂತಾಗುತ್ತದೆ.

ಕಳೆದ ವರ್ಷ ಚಿತ್ರಕಲೆಯ ತಾಸಿನಲ್ಲಿ ಇಂಥ ಒಂದು ಚಿತ್ರದ ಅಚ್ಚುಪ್ರತಿಯನ್ನು ಐದನೆಯ ಇಯತ್ತೆಯ ಮಕ್ಕಳಿಗೆ ತೋರಿಸಿದೆ. ಕಡಿಮೆ ಗೆರೆಗಳಲ್ಲಿ ಹೆಚ್ಚು ಹೇಳುವುದು ಹೇಗೆಂಬುದನ್ನು ಕಲಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಕೆಳಗೆ ಮುದ್ರಿಸಿದ್ದ ಹೆಸರನ್ನು ಓದಿ ಹೇಳಿದೆ. ಆಗ ಸಿಂಪಿಗರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, “ಗುರುಗಳ, ಚಿತ್ರ ತಗದವರ ಹೆಸರ ಅದ. ಅರಿವಿ ಹೊಲದವರ ಹೆಸರ ಎಲ್ಲದರಿ?” ಎಂದು ಕೇಳಿದಳು. ಮಕ್ಕಳು ನಕ್ಕರು. ನಾನೂ ನಕ್ಕು ಮುಂದಿನ ಪಾಠಕ್ಕೆ ಹೋದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಲಿಲ್ಲ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುವೆನು. ಒಂದು ವಸ್ತುವನ್ನು ಕಲ್ಪಿಸಿದವನು ಒಬ್ಬನು, ಅದನ್ನು ಆಗಮಾಡಿದವರು ಬೇರೆಯವರು ಆದಾಗ, ಅದರ ಕರ್ತೃ ಯಾರು? ಕೀರ್ತಿ ಯಾರಿಗೆ ಸಲ್ಲಬೇಕು? ಇದು ಉಡುಪಿನ ಪ್ರಶ್ನೆಯಾಗಿ ಕಂಡರೂ ಉಡುಪಿನೊಳಗೇ ಮುಗಿಯುವ ಪ್ರಶ್ನೆಯಲ್ಲ.

ಮೊದಲು ಡಿಯೋರನ ವೃತ್ತಾಂತವನ್ನು ಸಂಕ್ಷೇಪವಾಗಿ ಅರಿತುಕೊಳ್ಳುವುದು ಒಳ್ಳೆಯದು. ಆತ ಹುಟ್ಟಿದ್ದು 1905ರ ಜನವರಿ 21ರಂದು, ನಾರ್ಮಂಡಿಯ ಕಡಲತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ. ತಂದೆಯದು ಗೊಬ್ಬರದ ಕಾರಖಾನೆ. ಮಗ ರಾಜತಾಂತ್ರಿಕನಾಗಬೇಕೆಂಬುದು ಮನೆಯವರ ಬಯಕೆ. ಮಗನ ಒಲವು ಚಿತ್ರಕಲೆಯ ಕಡೆಗೆ. 1928ರಲ್ಲಿ ಗೆಳೆಯನೊಡನೆ ಒಂದು ಚಿತ್ರಶಾಲೆಯನ್ನು ತೆರೆದನು. 1931ರಲ್ಲಿ ತಾಯಿ ತೀರಿಕೊಂಡಳು. ಅದೇ ಕಾಲದ ಆರ್ಥಿಕ ಕುಸಿತದಲ್ಲಿ ತಂದೆಯ ವ್ಯಾಪಾರವೂ ಮುಳುಗಿತು. ಚಿತ್ರಶಾಲೆ ಮುಚ್ಚಿತು. ಮೂವತ್ತು ದಾಟುವ ಹೊತ್ತಿಗೆ ಹೊಟ್ಟೆಪಾಡಿಗೆ ದಾರಿ ಕಾಣದ ಆ ಮನುಷ್ಯನು ಟೊಪ್ಪಿಗೆಗಳ, ಉಡುಪುಗಳ ರೇಖಾಚಿತ್ರಗಳನ್ನು ಬರೆದು ಪ್ಯಾರಿಸಿನ ಉಡುಪಿನ ಮನೆಗಳಿಗೆ ಮಾರತೊಡಗಿದನು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಹಾಗೆ ಮಾರಿದ ಚಿತ್ರಗಳು ಉಡುಪುಗಳಾದಾಗ ಅವುಗಳ ಮೇಲೆ ಕೊಂಡ ಮನೆಯ ಹೆಸರು ಬಿತ್ತೇ ಹೊರತು ಬರೆದವನ ಹೆಸರು ಬೀಳಲಿಲ್ಲ. 1938ರಲ್ಲಿ ರೊಬೇರ್ ಪಿಗೆಯ ಮನೆಯಲ್ಲಿ, ಆಮೇಲೆ ಯುದ್ಧಕಾಲದಲ್ಲಿ ಲೂಸಿಯೆನ್ ಲಲೋಂಗನ ಮನೆಯಲ್ಲಿ ಆತ ಸಂಬಳಕ್ಕೆ ದುಡಿದನು. ಲಲೋಂಗನ ಮನೆಯಲ್ಲಿ ಅವನ ಪಕ್ಕದಲ್ಲಿ ಬರೆಯುತ್ತಿದ್ದವನು ಪಿಯೇರ್ ಬಾಲ್ಮೇನ್. ಮುಂದೆ ಜಗತ್ತೇ ಬಲ್ಲ ಇಬ್ಬರ ಗೆರೆಗಳೂ ಆಗ ಮೂರನೆಯವನ ಹೆಸರಿನಲ್ಲಿ ಮಾರಾಟವಾದವು. ಹೆಸರಿಲ್ಲದಿರುವುದು ಎಂದರೇನೆಂಬುದನ್ನು ಡಿಯೋರ್ ಹತ್ತು ವರ್ಷ ಉಂಡವನು. ಆದುದರಿಂದ ಲೇಖನಿಗೆ ಯಾವಾಗಲೂ ಕೀರ್ತಿ, ಸೂಜಿಗೆ ಯಾವಾಗಲೂ ಕತ್ತಲೆ ಎಂದು ನಾವು ಆತುರದಿಂದ ತೀರ್ಮಾನಿಸಲಾಗದು. ಗೆರೆ ಎಳೆದವನೂ ಅನಾಮಿಕನಾಗಬಹುದು. ಹೆಸರು ಅಂಟಿಕೊಳ್ಳುವುದು ಕೈಗೂ ಅಲ್ಲ, ತಲೆಗೂ ಅಲ್ಲ. ಬಾಗಿಲಿನ ಮೇಲಿನ ಫಲಕಕ್ಕೆ.

ಆ ಫಲಕ ಅವನಿಗೆ ದೊರೆತದ್ದು 1946ರ ಡಿಸೆಂಬರಿನಲ್ಲಿ. ಹತ್ತಿಯ ಗಿರಣಿಗಳ ಒಡೆಯನಾದ ಮಾರ್ಸೆಲ್ ಬುಸಾಕ್ ಬಂಡವಾಳ ಹೂಡಿದನು. ಪ್ಯಾರಿಸಿನ ಮೊಂಟೇನ್ ಬೀದಿಯ 30ನೆಯ ನಂಬರಿನ ಮನೆಯಲ್ಲಿ ಡಿಯೋರನ ಹೆಸರಿನ ಸಂಸ್ಥೆ ತಲೆಯೆತ್ತಿತು. 1947ರ ಫೆಬ್ರವರಿ 12ರಂದು ಮೊದಲ ಪ್ರದರ್ಶನ. ಯುದ್ಧಕಾಲದ ಚೌಕ ಹೆಗಲು, ಮೊಳಕಾಲಿನ ಗಿಡ್ಡ ಲಂಗಗಳನ್ನು ನೋಡಿ ಬೇಸತ್ತ ಕಣ್ಣುಗಳಿಗೆ ಉದ್ದ ಲಂಗ, ಸಣ್ಣ ನಡುಗಳ ಆ ಉಡುಪುಗಳು ಹೂವಿನಂತೆ ಕಂಡವು. ಅಮೆರಿಕದ ಪತ್ರಿಕೆಯೊಂದರ ಸಂಪಾದಿಕೆ ಕಾರ್ಮೆಲ್ ಸ್ನೋ ಅದನ್ನು ಹೊಸ ನೋಟವೆಂದು ಕರೆದಳು. ‘ನ್ಯೂ ಲುಕ್’ ಎಂಬ ಆ ಹೆಸರೇ ನಿಂತಿತು.

ಈಗ ಚಿತ್ರವು ಉಡುಪಾಗುವ ದಾರಿಯನ್ನು ನೋಡೋಣ. ಡಿಯೋರ್ ಋತುವಿಗೊಮ್ಮೆ ಪ್ಯಾರಿಸನ್ನು ಬಿಟ್ಟು ಹಳ್ಳಿಯ ಮನೆ ಸೇರಿ, ಕೆಲವೇ ದಿನಗಳಲ್ಲಿ ನೂರಾರು ಚಿತ್ರಗಳನ್ನು ಬರೆಯುತ್ತಿದ್ದನು; ಹಾಸಿಗೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ, ಎಲ್ಲೆಂದರಲ್ಲಿ. ಅವುಗಳನ್ನು ಮಾರ್ಗರೀತ್ ಕಾರೆ ಎಂಬ ಮಹಿಳೆಯ ಕೈಗೆ ಕೊಡುತ್ತಿದ್ದನು. ಆಕೆ ಅವನ ಕಾರ್ಯಶಾಲೆಗಳ ತಾಂತ್ರಿಕ ಮುಖ್ಯಸ್ಥೆ. ಯಾವ ಗೆರೆ ಯಾರ ಕೈಗೆ ಒಗ್ಗೀತು ಎಂಬುದನ್ನು ಬಲ್ಲ ಆಕೆ ಚಿತ್ರಗಳನ್ನು ಕಾರ್ಯಶಾಲೆಗಳ ಯಜಮಾನಿಯರಿಗೆ ಹಂಚುತ್ತಿದ್ದಳು. ಅವರು ಒರಟಾದ ಬಿಳಿಯ ಬಟ್ಟೆಯಲ್ಲಿ ಮೊದಲ ಮಾದರಿಯನ್ನು ಕಡೆಯುವರು. ಗೊಂಬೆಯ ಮೇಲೆ ಬಟ್ಟೆಯನ್ನು ಹೊದಿಸಿ, ಗುಂಡುಸೂಜಿ ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚಿ, ಗೆರೆಯ ಅರ್ಥವನ್ನು ಹುಡುಕುವರು. ಆ ಬಿಳಿಯ ಮಾದರಿಯನ್ನು ಕಂಡ ಮೇಲೆಯೇ ಡಿಯೋರನ ಆಯ್ಕೆ, ತಿದ್ದುಪಡಿ, ತಿರಸ್ಕಾರ. ಆನಂತರ ಬಟ್ಟೆಯ ನಿರ್ಧಾರ, ಕಚ್ಚಾ ಹೊಲಿಗೆ, ಜೀವಂತ ತರುಣಿಯ ಮೈಮೇಲೆ ಪರೀಕ್ಷೆ, ಕೊನೆಗೆ ಪಕ್ಕಾ ಹೊಲಿಗೆ. ಈ ಕೊನೆಯ ಕೆಲಸ ಮಾಡುವ ಹೆಂಗಸರಿಗೆ ಫ್ರೆಂಚರು ಇಟ್ಟ ಹೆಸರಿನ ಅರ್ಥ ‘ಪುಟ್ಟ ಕೈಗಳು’ ಎಂದು.

ಹೊಸ ನೋಟದ ಮಾದರಿಗಳಲ್ಲೆಲ್ಲ ಹೆಸರಾದದ್ದು ‘ಬಾರ್’ ಎಂಬ ಜೋಡಿ: ಕೆನೆಬಣ್ಣದ ರೇಷ್ಮೆಯ ಮೇಲಂಗಿ, ನೆರಿಗೆಗಳು ತುಂಬಿದ ಕಪ್ಪು ಲಂಗ. ಮೇಲಂಗಿಯ ಕೆಳಭಾಗ ಸೊಂಟದ ಬಳಿ ಹೊರಕ್ಕೆ ಉಬ್ಬಿ ನಿಲ್ಲುತ್ತದೆ. ಕಾಗದದ ಮೇಲೆ ಇದು ಒಂದು ಬಾಗು ಗೆರೆ. ಒಂದು ಉಸಿರಿನಲ್ಲಿ ಎಳೆಯಬಹುದು. ಆದರೆ ಬಟ್ಟೆಗೆ ತಾನಾಗಿ ಉಬ್ಬಿ ನಿಲ್ಲುವ ಗುಣವಿಲ್ಲ. ಅದು ಜೋತು ಬೀಳುವಂಥದು. ಅದನ್ನು ನಿಲ್ಲಿಸುವುದಕ್ಕೆ ಒಳಗೆ ಮೆತ್ತೆ ಬೇಕು, ಅಸ್ತರು ಬೇಕು, ಎಲ್ಲಿ ಎಷ್ಟು ದಪ್ಪ, ಎಲ್ಲಿ ತೆಳು ಎಂಬ ಲೆಕ್ಕ ಬೇಕು, ಬಿಸಿ ಇಸ್ತ್ರಿಯಿಂದ ರೇಷ್ಮೆಯನ್ನು ಒಲಿಸುವ ಹದ ಬೇಕು. ಇದು ಯಾವುದೂ ಚಿತ್ರದಲ್ಲಿಲ್ಲ. ಚಿತ್ರವು ‘ಹೀಗಿರಲಿ’ ಎನ್ನುತ್ತದೆ. ‘ಹೀಗಾಗುವುದು ಹೇಗೆ’ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಗ್ರೀಕ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಮೂರು ಮಂಚಗಳ ಮಾತನ್ನೆತ್ತುತ್ತಾನೆ. ದೇವರು ನಿರ್ಮಿಸಿದ ಮಂಚದ ಮೂಲರೂಪ ಒಂದು. ಅದನ್ನು ನೋಡಿ ಬಡಗಿ ಮಾಡಿದ ಮಂಚ ಎರಡು. ಬಡಗಿಯ ಮಂಚವನ್ನು ನೋಡಿ ಚಿತ್ರಕಾರ ಬರೆದ ಮಂಚ ಮೂರು. ಚಿತ್ರಕಾರನು ಸತ್ಯದಿಂದ ಎಲ್ಲರಿಗಿಂತ ದೂರದವನು. ಈ ಅಳತೆಗೋಲನ್ನು ಡಿಯೋರನ ಹಾಳೆಗೆ ಹಿಡಿದರೆ ತೊಡಕು ಹುಟ್ಟುತ್ತದೆ. ಅವನ ಚಿತ್ರವು ಇರುವ ಉಡುಪಿನ ಅನುಕರಣವಲ್ಲ. ಇನ್ನೂ ಇಲ್ಲದ ಉಡುಪಿನ ಮುನ್ನುಡಿ. ಹಾಗಾದರೆ ಅದು ಮೂಲರೂಪದ ಗದ್ದುಗೆ ಏರಬೇಕೆ? ಅದೂ ಆಗದು. ಮೂಲರೂಪಕ್ಕೆ ಕೊರತೆಯಿಲ್ಲವೆಂದು ಪ್ಲೇಟೋವಿನ ಮತ; ಈ ಹಾಳೆಯಲ್ಲಾದರೋ ಬೆನ್ನಿನ ಭಾಗವೇ ಕಾಣುವುದಿಲ್ಲ. ಅದೇ ಭಾಗದಲ್ಲಿ ಪ್ಲೇಟೋ ಇನ್ನೊಂದು ಮಾತನ್ನೂ ಹೇಳುತ್ತಾನೆ: ವಸ್ತುವಿನ ಗುಣದೋಷಗಳನ್ನು ನಿಜವಾಗಿ ಬಲ್ಲವನು ಅದನ್ನು ಬಳಸುವವನು, ಮಾಡುವವನು ಅವನಿಂದ ಕೇಳಿ ತಿಳಿಯಬೇಕು ಎಂದು. ಬಿಗಿದ ನಡು ಉಸಿರು ಕಟ್ಟಿಸುತ್ತದೆಯೋ ಇಲ್ಲವೋ ಎಂಬುದನ್ನು ತೊಟ್ಟವಳು ಹೇಳಬೇಕಲ್ಲದೆ ಬರೆದವನಲ್ಲ.

ಪ್ಲೇಟೋವಿಗಿಂತ ನಮ್ಮ ನ್ಯಾಯಶಾಸ್ತ್ರದ ವಿಂಗಡಣೆ ಇಲ್ಲಿ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ. ಅನ್ನಂಭಟ್ಟನ ತರ್ಕಸಂಗ್ರಹವು ಕಾರಣಗಳನ್ನು ಮೂರಾಗಿ ಹೇಳುವಾಗ ಬಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತದೆ. ಬಟ್ಟೆಗೆ ನೂಲುಗಳು ಸಮವಾಯಿ ಕಾರಣ. ಆ ನೂಲುಗಳ ಸಂಯೋಗ ಅಸಮವಾಯಿ ಕಾರಣ. ಲಾಳಿ, ಮಗ್ಗ ಮೊದಲಾದವು ನಿಮಿತ್ತ ಕಾರಣ. ಇದನ್ನೇ ಹೊಲಿದ ಉಡುಪಿಗೆ ಅನ್ವಯಿಸೋಣ. ಬಟ್ಟೆಯ ತುಂಡುಗಳು ಸಮವಾಯಿ ಕಾರಣ. ತುಂಡುಗಳ ಸಂಯೋಗ, ಎಂದರೆ ಹೊಲಿಗೆಯೇ, ಅಸಮವಾಯಿ ಕಾರಣ. ಹೊಲಿಗೆ ಬಿಚ್ಚಿದ ಕ್ಷಣದಲ್ಲಿ ಬಟ್ಟೆ ಉಳಿಯುತ್ತದೆ, ಉಡುಪು ಉಳಿಯುವುದಿಲ್ಲ. ಚಿತ್ರದ ಹಾಳೆ ಹರಿದುಹೋದರೋ, ಉಡುಪಿಗೆ ಏನೂ ಆಗುವುದಿಲ್ಲ. ಸೂಜಿ ಕತ್ತರಿಗಳಂತೆ ಚಿತ್ರವೂ ನಿಮಿತ್ತಗಳ ಸಾಲಿನಲ್ಲಿ ನಿಲ್ಲುವಂಥದು.

ಹಾಗಾದರೆ ಕರ್ತೃ ಯಾರು? ಅನ್ನಂಭಟ್ಟನೇ ತನ್ನ ದೀಪಿಕೆಯಲ್ಲಿ ಕರ್ತೃವಿನ ಲಕ್ಷಣವನ್ನು ಹೇಳಿದ್ದಾನೆ. ಯಾವುದರಿಂದ ವಸ್ತು ಆಗಬೇಕೋ ಅದರ ಪ್ರತ್ಯಕ್ಷವಾದ ಜ್ಞಾನ, ಮಾಡಬೇಕೆಂಬ ಇಚ್ಛೆ, ಮಾಡುವ ಪ್ರಯತ್ನ, ಈ ಮೂರೂ ಯಾರಲ್ಲಿವೆಯೋ ಅವನು ಕರ್ತೃ. ಜಗತ್ತಿಗೆ ಕರ್ತೃವಾದ ಈಶ್ವರನಿದ್ದಾನೆಂದು ಸಾಧಿಸುವ ಸಂದರ್ಭದಲ್ಲಿ ಬಂದ ಮಾತಿದು. ಆದರೆ ದರ್ಜಿಯ ಅಂಗಡಿಗೂ ಸಲ್ಲುತ್ತದೆ. ಮೊಂಟೇನ್ ಬೀದಿಯ ಮನೆಯಲ್ಲಿ ಈ ಮೂರು ಗುಣಗಳು ಹಂಚಿಹೋಗಿದ್ದವು. ಇಚ್ಛೆ ಡಿಯೋರನದು. ಪ್ರಯತ್ನ ಪುಟ್ಟ ಕೈಗಳದು. ಉಪಾದಾನದ ಜ್ಞಾನ, ಎಂದರೆ ಈ ರೇಷ್ಮೆ ಎಲ್ಲಿ ಬಾಗೀತು, ಎಲ್ಲಿ ಹರಿದೀತು ಎಂಬ ಬೆರಳ ತುದಿಯ ಅರಿವು, ಸ್ವಲ್ಪ ಅವನಲ್ಲಿ, ಬಹುಭಾಗ ಕಾರ್ಯಶಾಲೆಯ ಯಜಮಾನಿಯರಲ್ಲಿ. ಶಾಸ್ತ್ರದ ಲಕ್ಷಣವನ್ನು ನಿಷ್ಠುರವಾಗಿ ಹಿಡಿದರೆ ಅಲ್ಲಿ ಪೂರ್ಣ ಕರ್ತೃ ಒಬ್ಬನೂ ಇರಲಿಲ್ಲ.

ಮೂರೂ ಒಬ್ಬರಲ್ಲೇ ಕೂಡಿದ್ದುಂಟೆ? ಉಂಟು. 1876ರಲ್ಲಿ ಹುಟ್ಟಿದ ಮದ್ಲೇನ್ ವಿಯೊನ್ನೆ ಚಿಕ್ಕಂದಿನಲ್ಲೇ ಹೊಲಿಗೆಯ ಮನೆಗೆ ದುಡಿಯಲು ಹೋದವಳು. ಆಕೆ ಚಿತ್ರ ಬರೆಯುವುದಕ್ಕೆ ಬದಲು ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆಯನ್ನೇ ಹೊದಿಸಿ ತಿರುಗಿಸಿ ಆಲೋಚಿಸುತ್ತಿದ್ದಳು. ಹಾಸು ಹೊಕ್ಕುಗಳಿಗೆ ಓರೆಯಾಗಿ ಬಟ್ಟೆಯನ್ನು ಕತ್ತರಿಸಿದರೆ ಅದು ಮೈಯನ್ನು ನೀರಿನಂತೆ ಅನುಸರಿಸುತ್ತದೆಂಬ ಅರಿವನ್ನು ಒಂದು ಪೂರ್ಣ ವಿದ್ಯೆಯಾಗಿ ಬೆಳೆಸಿದಳು. ಕಾಗದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಈ ಅರಿವು ಕಾಗದದಿಂದ ಬರುವಂಥದೇ ಅಲ್ಲ. ಸ್ಪೇನಿನಿಂದ ಬಂದು 1937ರಲ್ಲಿ ಪ್ಯಾರಿಸಿನಲ್ಲಿ ಮನೆ ತೆರೆದ ಬಾಲೆನ್ಸಿಯಾಗನೂ ಇಂಥವನೇ. ಹೊಲಿಗೆಯವಳ ಮಗ, ತಾನೇ ಕತ್ತರಿಸಿ ತಾನೇ ಹೊಲಿಯಬಲ್ಲವನು. ತಲೆ ಆಲೋಚಿಸುತ್ತದೆ, ಕೈ ಪಾಲಿಸುತ್ತದೆ ಎಂಬ ನಮ್ಮ ಹಳೆಯ ನಂಬಿಕೆಗೆ ಇವರಿಬ್ಬರೂ ಪ್ರತ್ಯಕ್ಷ ಖಂಡನೆ. ಆದರೂ ವಿಯೊನ್ನೆಯೊಬ್ಬಳೇ ತನ್ನ ಉಡುಪುಗಳನ್ನೆಲ್ಲ ಹೊಲಿಯಲಿಲ್ಲ. ಆಕೆಯ ಮನೆಯಲ್ಲಿ ಒಂದು ಕಾಲಕ್ಕೆ ಸಾವಿರಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು. ಅವರಿಗೆ ಸಂಬಳ ಸಹಿತ ರಜೆ, ಹೆರಿಗೆಯ ರಜೆ, ವೈದ್ಯರ ಕೋಣೆ, ಕೂಸುಗಳ ಪಾಲನೆಯ ಮನೆ ಇವನ್ನು ಆಕೆ ಕಲ್ಪಿಸಿಕೊಟ್ಟಳು. ಸೂಜಿ ಹಿಡಿದು ದುಡಿದವಳಿಗೆ ಸೂಜಿ ಹಿಡಿದವರ ಬೆನ್ನುನೋವು ಮರೆಯಲಿಲ್ಲವೆಂದು ತೋರುತ್ತದೆ.

ಇಷ್ಟಾದರೂ ಚಿತ್ರ ಬರೆದವನ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ನೂರು ಕೈಗಳಿದ್ದೂ ಒಂದು ನಿರ್ಧಾರವಿಲ್ಲದಿದ್ದರೆ ನೂರು ತೋಳುಗಳಷ್ಟೇ ಹೊಲಿಯಲ್ಪಡುವವು, ಉಡುಪು ಆಗದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಹೆಸರು ಹೂಮಾಲೆಗೆ ಮಾತ್ರ ಕೊರಳೊಡ್ಡುವುದಿಲ್ಲ, ಕಲ್ಲಿಗೂ ಮೈಯೊಡ್ಡುತ್ತದೆ. 1947ರಲ್ಲಿ ಯುರೋಪಿನ ಜನ ಇನ್ನೂ ಯುದ್ಧದ ಅಭಾವದಲ್ಲಿ ನರಳುತ್ತಿದ್ದರು. ಬ್ರಿಟನ್ನಿನಲ್ಲಿ 1941ರಲ್ಲಿ ಬಂದ ಬಟ್ಟೆಯ ಪಡಿತರ 1949ರವರೆಗೂ ತೊಲಗಲಿಲ್ಲ. ಅಂಥ ಕಾಲದಲ್ಲಿ ಒಂದೊಂದು ಲಂಗಕ್ಕೆ ಹತ್ತಾರು ಗಜ ಬಟ್ಟೆ! ಪ್ಯಾರಿಸಿನ ರ್ಯೂ ಲೆಪಿಕ್ ಎಂಬ ಸಂತೆಬೀದಿಯಲ್ಲಿ ಹೊಸ ನೋಟದ ಉಡುಪು ತೊಟ್ಟು ಛಾಯಾಚಿತ್ರಕ್ಕೆ ನಿಂತ ತರುಣಿಯ ಮೇಲೆ ಹೆಂಗಸರು ಬಿದ್ದು ಬಟ್ಟೆಯನ್ನು ಹರಿದರು. ಅಮೆರಿಕದಲ್ಲಿ ಹೆಂಗಸರು ಉದ್ದ ಲಂಗದ ವಿರುದ್ಧ ಫಲಕ ಹಿಡಿದು ನಿಂತರು; ಫಲಕದ ಮೇಲೆ ಇದ್ದದ್ದು ಡಿಯೋರನ ಹೆಸರು, ಹೊಲಿದವರದಲ್ಲ. ಸೀಸದ ಕಡ್ಡಿಗೆ ಬಟ್ಟೆಯ ಬೆಲೆ ತಿಳಿಯದು; ಗೆರೆಯನ್ನು ಒಂದು ಗೇಣು ಕೆಳಕ್ಕೆ ಎಳೆಯುವುದಕ್ಕೆ ಖರ್ಚಿಲ್ಲ. ಆ ಗೇಣಿನ ಲೆಕ್ಕವನ್ನು ಲೋಕ ಕೇಳಿದಾಗ ಉತ್ತರ ಹೇಳಬೇಕಾದವನು ಬರೆದವನೇ.

1957ರ ಅಕ್ಟೋಬರಿನಲ್ಲಿ ಡಿಯೋರ್ ತೀರಿಕೊಂಡನು. ಇಪ್ಪತ್ತೊಂದು ವರ್ಷದ ಈವ್ ಸಾಂ ಲೊರಾಂ ಅವನ ಸ್ಥಾನಕ್ಕೆ ಬಂದನು. 1960ರಲ್ಲಿ ಆತ ರೂಪಿಸಿದ ಉಡುಪುಗಳು ಹಳೆಯ ಗಿರಾಕಿಗಳಿಗೆ ಹಿಡಿಸಲಿಲ್ಲ. ಆ ವರ್ಷವೇ ಸೈನ್ಯದ ಕರೆ ಬಂದು ಅವನು ಹೋದಾಗ ಸ್ಥಾನವು ಮಾರ್ಕ್ ಬೋಹಾನನ ಪಾಲಾಯಿತು. ಟೀಕೆ ಗೆರೆಯವನ ಮೇಲೆ ಬಿದ್ದಿತು. ಹೊಲಿಗೆಯನ್ನು ಯಾರೂ ಬೈಯಲಿಲ್ಲ.

ಆದುದರಿಂದ ನಾವು ‘ಹೆಸರು’ ಎಂಬ ಒಂದೇ ಶಬ್ದದಲ್ಲಿ ಕಟ್ಟಿಹಾಕಿರುವ ಮೂರು ಬೇರೆ ವಿಷಯಗಳನ್ನು ಬಿಡಿಸಿ ನೋಡಬೇಕು: ಹೊಣೆ, ಕರ್ತೃತ್ವ, ಕೀರ್ತಿ. ಹೊಣೆಯು ಒಬ್ಬನದಾಗಿರುವುದೇ ಲೇಸು. ಹತ್ತು ಜನರ ಹೊಣೆ ಯಾರ ಹೊಣೆಯೂ ಅಲ್ಲ. ‘ಇದು ಹೀಗಿರಲಿ’ ಎಂದು ನಿರ್ಧರಿಸಿದವನು ಅದನ್ನು ಹೊರಬೇಕು. ಕರ್ತೃತ್ವವಾದರೋ ಹಂಚಿಹೋದದ್ದು; ಅದನ್ನು ಒಬ್ಬನದೆನ್ನುವುದು ಬರಿಯ ಅಸತ್ಯ. ಇನ್ನು ಕೀರ್ತಿ. ರೂಢಿಯಲ್ಲಿ ಅದು ಹೊಣೆಯನ್ನು ಹಿಂಬಾಲಿಸುತ್ತದೆ, ಹಿಂಬಾಲಿಸಲಿ. ಆದರೆ ಕರ್ತೃತ್ವದಲ್ಲಿ ಪಾಲುಗೊಂಡವರ ಹೆಸರನ್ನು ಮುಚ್ಚಿದ ಕೀರ್ತಿ ಸಾಲದ ಹಣದಿಂದ ಮಾಡಿಸಿದ ಒಡವೆ. ತೊಟ್ಟುಕೊಳ್ಳಬಹುದು, ತನ್ನದೆನ್ನಲಾಗದು.

ವಿಚಿತ್ರವೆಂದರೆ, ಮುಚ್ಚಿಹೋದ ಹೆಸರುಗಳನ್ನು ಕಾಪಾಡಿಕೊಂಡು ಬಂದದ್ದೂ ಚಿತ್ರದ ಹಾಳೆಯೇ. ಸಾಂ ಲೊರಾಂ ತನ್ನದೇ ಮನೆ ತೆರೆದ ಮೇಲೆ ಅಲ್ಲಿ ಪ್ರತಿಯೊಂದು ಉಡುಪಿಗೂ ಒಂದು ಹಾಳೆಯನ್ನು ಇಡುತ್ತಿದ್ದರು. ಅದರ ಮೇಲೆ ಅವನ ಚಿತ್ರ; ಗುಂಡುಸೂಜಿಯಿಂದ ಚುಚ್ಚಿದ ಬಟ್ಟೆಯ ಚೂರು; ಮತ್ತು ಯಾವ ಕಾರ್ಯಶಾಲೆಯ ಮುಖ್ಯಸ್ಥರು ಹೊಲಿಸಿದರು, ಯಾವ ತರುಣಿ ತೊಟ್ಟು ನಡೆದಳು ಎಂಬ ಬರಹ. ಅಂಥ ಹಾಳೆಗಳು ಇಂದು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿವೆ. ಉಡುಪಿನ ಕೊರಳಪಟ್ಟಿಯಲ್ಲಿ ಒಂದೇ ಹೆಸರು; ಕಾರ್ಯಶಾಲೆಯ ಹಾಳೆಯಲ್ಲಿ ಹಲವು. ಮನೆಯೊಳಗಿನವರಿಗೆ ಸತ್ಯ ಗೊತ್ತಿತ್ತು. ಅದನ್ನು ಬೀದಿಗೆ ಹೇಳಲಿಲ್ಲ, ಅಷ್ಟೆ. ಹಾಗೆಂದು ಪುಟ್ಟ ಕೈಗಳು ಯಾವಾಗಲೂ ಸುಮ್ಮನಿದ್ದವೆಂದೂ ತಿಳಿಯಬಾರದು. 1917ರ ಮೇ ತಿಂಗಳಲ್ಲಿ, ಮಹಾಯುದ್ಧದ ನಡುವೆಯೇ, ಪ್ಯಾರಿಸಿನ ಹೊಲಿಗೆಯ ಹೆಂಗಸರು ಬೀದಿಗಿಳಿದು ಶನಿವಾರ ಮಧ್ಯಾಹ್ನದ ಬಿಡುವನ್ನು ಸಂಬಳ ಸಹಿತವಾಗಿ ಕೇಳಿ ಪಡೆದರು.

ಈ ದಾರ ನಮ್ಮ ದೇಶಕ್ಕೂ ಬಂದು ಮುಟ್ಟಿದೆ. 2023ರ ಮಾರ್ಚ್ 30ರಂದು ಡಿಯೋರನ ಹೆಸರಿನ ಸಂಸ್ಥೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಎದುರಿಗೆ ತನ್ನ ಉಡುಪುಗಳನ್ನು ಪ್ರದರ್ಶಿಸಿತು. ಅವುಗಳ ಕಸೂತಿಯನ್ನು ಮಾಡಿದವರು ಮುಂಬಯಿಯ ಕಸೂತಿಗಾರರು. ಚಾಣಕ್ಯ ಎಂಬ ಅಲ್ಲಿಯ ಕಸೂತಿಶಾಲೆಯ ಹೆಸರನ್ನು ಸಂಸ್ಥೆ ಬಹಿರಂಗವಾಗಿ ಹೇಳಿತು. ಒಂದು ಶಾಲೆಯ ಹೆಸರು ಹೇಳುವುದು ಒಳ್ಳೆಯ ಆರಂಭ. ಅದರೊಳಗೆ ಚೌಕಟ್ಟಿನ ಮೇಲೆ ಬಗ್ಗಿ ಕುಳಿತವರ ಹೆಸರು ಇನ್ನೊಂದು ಹೆಜ್ಜೆ.

ಇನ್ನು ಆ ಪ್ರಶ್ನೆ ನನ್ನನ್ನು ಬಿಡದಿದ್ದ ಕಾರಣ. ಅದಕ್ಕೆ ಮೂರು ತಿಂಗಳ ಹಿಂದೆ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಮಕ್ಕಳ ನಾಟಕವಿತ್ತು. ರಾಜನ, ಮಂತ್ರಿಯ, ಕಾವಲುಗಾರರ ಉಡುಪುಗಳನ್ನು ಕಾಗದದ ಮೇಲೆ ಬರೆದುಕೊಟ್ಟವನು ನಾನು. ಹಳೆಯ ಸೀರೆಗಳನ್ನು ಕತ್ತರಿಸಿ, ಎರಡು ರಾತ್ರಿ ನಿದ್ದೆಗೆಟ್ಟು ಅವನ್ನು ಹೊಲಿದವರು ಆ ಹುಡುಗಿಯ ತಂದೆ. ನಾನು ಬರೆದ ರಾಜನ ನಿಲುವಂಗಿ ನೋಡಲು ಸೊಗಸಾಗಿತ್ತು. ಆದರೆ ಅದನ್ನು ತೊಟ್ಟವನು ಕೈ ಎತ್ತುವಂತಿರಲಿಲ್ಲ. ಮೂರನೆಯ ದೃಶ್ಯದಲ್ಲಿ ರಾಜ ಕತ್ತಿ ಎತ್ತಬೇಕು! ಅವರು ನನ್ನನ್ನು ಕೇಳದೆ, ನನಗೆ ಹೇಳದೆ, ಕಂಕುಳಿನಲ್ಲಿ ಒಂದು ಚೌಕ ತುಂಡನ್ನು ಸೇರಿಸಿ ಹೊಲಿದರು. ರಾಜ ಕತ್ತಿ ಎತ್ತಿದನು. ನಾಟಕ ಮುಗಿದಾಗ ವೇದಿಕೆಯ ಮೇಲೆ ‘ವೇಷಭೂಷಣ’ವೆಂದು ನನ್ನ ಹೆಸರನ್ನು ಓದಿದರು. ನಾನು ಎದ್ದು ಕೈಮುಗಿದೆ. ಕೊನೆಯ ಸಾಲಿನ ಹಿಂದೆ ನಿಂತು ಅವರೂ ಚಪ್ಪಾಳೆ ತಟ್ಟುತ್ತಿದ್ದುದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ. ಅವರ ಮಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

ತರಗತಿಯ ಆ ಪ್ರಶ್ನೆಯ ನಂತರ ಒಂದು ಸಂಜೆ ಅವರ ಅಂಗಡಿಗೆ ಹೋಗಿ ನನ್ನ ತಪ್ಪನ್ನು ಹೇಳಿಕೊಂಡೆ. ಅವರು ಯಂತ್ರದ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿ, “ಇರ್ಲಿ ಬಿಡ್ರಿ ಮಾಸ್ತರ, ಅಂಗಿ ಹರೀಲಿಲ್ಲಲ್ಲ” ಎಂದರು, ಮತ್ತೆ ಹೊಲಿಯತೊಡಗಿದರು. ಅವರಿಗೆ ಅಷ್ಟು ಸಾಕಾಗಿರಬಹುದು. ಸಾಲ ಕೊಟ್ಟವನು ಕೇಳಲಿಲ್ಲವೆಂಬ ಮಾತ್ರಕ್ಕೆ ಸಾಲ ತೀರಿತೆಂದು ಲೆಕ್ಕದ ಪಾಠದಲ್ಲಿ ನಾವು ಮಕ್ಕಳಿಗೆ ಕಲಿಸುವುದಿಲ್ಲ. ಈ ವರ್ಷದ ಸಮ್ಮೇಳನದ ಕಾರ್ಯಕ್ರಮಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ವೇಷಭೂಷಣದ ಸಾಲಿನಲ್ಲಿ ಅವರ ಹೆಸರನ್ನು ಮೊದಲು ಬರೆದಿದ್ದೇನೆ.